ಹಳೆಯ ಡಬ್ಬಿಗೆ ನಿದ್ದೆ ಹತ್ತಲಿಲ್ಲ

ನನ್ನ ಮಗಳ ಎಡಗಾಲು ಸಣ್ಣದು. ಕೂಸಿದ್ದಾಗ ಜ್ವರ ಬಂತು, ಕಾಲು ಒಣಗಿತು. ಬನಹಟ್ಟಿಯಲ್ಲಿ ಹುಟ್ಟಿದ ಹೆಣ್ಣಿಗೆ ಕಾಲಿಲ್ಲವೆಂದರೆ ಏನಾಗುತ್ತದೆಂದು ಬೇರೆ ಊರವರಿಗೆ ತಿಳಿಯಲಿಕ್ಕಿಲ್ಲ. ಕೈಮಗ್ಗವೆಂದರೆ ಕುಣಿಯಲ್ಲಿ ಕೂತು ಎರಡೂ ಕಾಲಿನಿಂದ ತುಳಿಯಬೇಕು. ಪಾವರ್‌ಲೂಮಿಗೆ ತುಳಿಯುವ ಕೆಲಸವಿಲ್ಲ, ಆದರೆ ದಿನವೆಲ್ಲ ಮಗ್ಗಗಳ ನಡುವೆ ನಿಂತಿರಬೇಕು, ಎಳೆ ಹರಿದಲ್ಲಿಗೆ ಓಡಬೇಕು. ಇವಳಿಂದ ಎರಡೂ ಆಗುವುದಿಲ್ಲ. ಉಳಿದದ್ದು ಕಂಡಿಕೆ ಸುತ್ತುವುದು. ಲಾಳಿಯೊಳಗೆ ಇಡುವ ಸಣ್ಣ ಕಡ್ಡಿಗೆ ರಾಟಿ ತಿರುಗಿಸಿ ನೂಲು ಸುತ್ತಬೇಕು. ಅದು ಕಣ್ಣು ಹೋದವರ, ಸೊಂಟ ಹೋದವರ, ಗಂಡ ಬಿಟ್ಟವರ ಕೆಲಸ. ಕಂಡಿಕೆ ಸುತ್ತಿ ಹೊಟ್ಟೆ ತುಂಬಿಸಿಕೊಂಡವರನ್ನು ನಾನು ಕಂಡಿಲ್ಲ. ಮಗಳು ರಾಟಿಗೆ ಕೂಡಬಾರದು ಎನ್ನುವುದೊಂದೇ ನನ್ನ ಹಟ. ಬೇರೆ ಆಸೆಗಳು ನನಗೆ ಇರಲಿಲ್ಲ, ಇದ್ದರೂ ನೆನಪಿಲ್ಲ.

ಅವಳ ಅಪ್ಪ ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬರೆಯುತ್ತಿದ್ದ. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕ ತುಂಬುವ ಕೆಲಸ. ತುಂಬಿದ ಚೌಕವೆಂದರೆ ಎಳೆ ಮೇಲೇಳಬೇಕು, ಖಾಲಿ ಚೌಕವೆಂದರೆ ಕೆಳಗಿರಬೇಕು. ಆ ಹಾಳೆ ನೋಡಿ ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಾರೆ. ಪಟ್ಟಿಯ ಸರ ಮಗ್ಗದ ತಲೆಯ ಮೇಲೆ ತಿರುಗಿದಂತೆಲ್ಲ ದಡಿಯಲ್ಲಿ ನವಿಲು ಏಳುತ್ತದೆ, ಬಳ್ಳಿ ಏಳುತ್ತದೆ. ಆತ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಲಿಸಿದ. ಕಲಿಸಿ ಮುಗಿಸಿದ ಮೇಲೆ ಎದೆಗೆ ನೂಲಿನ ಧೂಳು ಹಿಡಿದು ಸತ್ತ. ಆತನ ಹಾಳೆಗಳನ್ನು ಇಲಿ ಕಡಿಯಿತು. ಇಲಿ ಬಿಟ್ಟದ್ದರಲ್ಲಿ ಪೆನ್ಸಿಲಿನ ಗುರುತು ಅಳಿಸುತ್ತ ಬಂದಿತ್ತು.

ಜಮಖಂಡಿಯಲ್ಲಿ ಒಬ್ಬ ಮಾಸ್ತರ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಮಗಳು ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದಳು. ನನ್ನ ತವರು ನೀರಲ್ಲಿ ಮುಳುಗಿ ಕೆಲವು ವರ್ಷಗಳಾಗಿದ್ದವು ಆಗ. ತವರು ಗಲಗಲಿಯ ಕಡೆ, ಕೃಷ್ಣೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ತಿಳಿದ ಮೇಲೆ ಅಣ್ಣಂದಿರು ಬಾಗಿಲು, ತೊಲೆ, ಬೀಸುವ ಕಲ್ಲು ಎಲ್ಲ ಕಿತ್ತುಕೊಂಡು ದಿಬ್ಬದ ಮೇಲಿನ ಪ್ಲಾಟಿಗೆ ಹೋದರು. ಆ ಅಣೆಕಟ್ಟಿನಲ್ಲಿ ಕರೆಂಟು ಹುಟ್ಟುತ್ತದೆ ಎಂದು ಎಲ್ಲರೂ ಹೇಳಿದರು. ಹುಟ್ಟಿರಬೇಕು. ನಮ್ಮ ಓಣಿಗಂತೂ ಬರಲಿಲ್ಲ. ಬೆಳಿಗ್ಗೆ ಹೋಗುತ್ತಿತ್ತು, ಮಧ್ಯಾಹ್ನ ಹೋಗುತ್ತಿತ್ತು, ಹೋದಾಗ ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತಿದ್ದವು.

ಮಾಸ್ತರನೇ ಒಂದು ಹಳೆಯ ಮಷೀನು ಕೊಡಿಸಿ, ಮನೆಗೆ ಬಂದು ಕೂಡಿಸಿಕೊಟ್ಟ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸಣ್ಣವನು.

"ಇದರಾಗ ಲಿನಕ್ಸ್ ಹಾಕೇನಿ, ಆಯಿ. ಪುಕ್ಕಟ ಸಿಗತೈತಿ. ವೈರಸ್ ಗಿಯರಸ್ ಹತ್ತೂದಿಲ್ಲ" ಎಂದ.

"ಪುಕ್ಕಟ ಕೊಟ್ಟಾವ ಯಾವನಪಾ?"

"ಒಬ್ಬಾವಲ್ಲ. ಊರೂರಾಗಿನ ಮಂದಿ ಕೂಡಿ ಮಾಡ್ಯಾರ."

"ಹಂಗಾರ ಕೆಟ್ಟರ ಯಾರ ಬಾಗಲಾ ಬಡೀಬೇಕು?"

ಆತ ನಕ್ಕ. "ನಂದ ಬಡೀರಿ ಮತ್ತ" ಎಂದ.

ಮಷೀನಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ದೊಡ್ಡದೊಂದು ಕಬ್ಬಿಣದ ಡಬ್ಬಿ ಇರುತ್ತದೆ. ಬರೆದದ್ದೆಲ್ಲ ಅದರಲ್ಲೇ ಕೂಡುತ್ತದಂತೆ. ಒಳಗೊಂದು ಹರಿವಾಣ ಗರಗರ ತಿರುಗುತ್ತಿರುತ್ತದೆ, ಅದರ ಮೇಲೆ ಮುಟ್ಟಿಯೂ ಮುಟ್ಟದಂತೆ ಒಂದು ಸೂಜಿ ಓಡಾಡುತ್ತದೆ. ಮಗಳು ಅಪ್ಪನ ದಡಿಗಳನ್ನು ಒಂದೊಂದಾಗಿ ಅದಕ್ಕೆ ಏರಿಸಿದಳು. ಹರಿದ ಹಾಳೆಯಲ್ಲಿ ಇಲ್ಲದ ಚೌಕಗಳನ್ನು ನೆನಪಿನಿಂದ ತುಂಬಿದಳು. ಆಮೇಲೆ ತನ್ನವನ್ನೂ ಬರೆದಳು. ಮಗ್ಗದ ಶೆಡ್ಡುಗಳ ಸಾವಕಾರರು ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಕಾಲು ಸಣ್ಣದಾದ ಹುಡುಗಿ ಎನ್ನುತ್ತಿದ್ದವರು "ಡಿಸೈನ್ ಅಕ್ಕಾರ" ಎಂದರು. ನನಗೆ ಅದು ಸಾಕಾಗಿತ್ತು.

ಡಬ್ಬಿ ತುಂಬಿತು. ಮಾಸ್ತರ ಮತ್ತೊಂದು ಹೊಸ ಡಬ್ಬಿ ತಂದು ಪಕ್ಕದಲ್ಲಿಟ್ಟು ಎರಡನ್ನೂ ಒಂದು ಮಾಡಿದ. ಹೊರಗಿನಿಂದ ಡಬ್ಬಿ ಎರಡು, ಮಷೀನಿನ ಲೆಕ್ಕದಲ್ಲಿ ಒಂದೇ ದೊಡ್ಡ ಕಣಜ. ನನಗೆ ತಿಳಿಯಲಿಲ್ಲ.

"ಕೆಚ್ಚಿದಂಗ, ಯವ್ವಾ" ಎಂದು ಮಗಳು ಬಿಡಿಸಿ ಹೇಳಿದಳು.

ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಕೆಚ್ಚಿದ ಹಾಸಿನಲ್ಲಿ ಹಳೆಯ ನೂಲು ಹುಳುಕಾಗಿದ್ದರೆ ಹಳೆಯ ಭಾಗವಷ್ಟೇ ಕೆಡುತ್ತದೆ. ಹೊಸದು ಬಂದ ಮೇಲೆ ಸೀರೆ ಮತ್ತೆ ಚೆನ್ನಾಗಿ ನಡೆಯುತ್ತದೆ.

"ಹಂಗಾರ ಹಳೇದು ಹೋದರ ಹಳೇದಷ್ಟ ಹೋಗತೈತಿ?" ಎಂದೆ.

"ಹೌದ ಮತ್ತ."

ಮಾಸ್ತರ ವೈರು ಸುತ್ತುತ್ತಿದ್ದ. ಅವನಿಗೆ ನಮ್ಮ ಮಾತು ಕೇಳಿಸಲಿಲ್ಲ, ಕೇಳಿಸಿದ್ದರೂ ಕೆಚ್ಚುವುದೆಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ. ಹೊರಡುವಾಗ, "ಇದರದೊಂದು ನಕಲು ಸಿಡಿಯೊಳಗ ಮಾಡಿ ಇಡ್ರಿ, ಅಕ್ಕಾರ" ಎಂದ. ಮಗಳು ತಲೆಯಾಡಿಸಿದಳು. ಮಾಡಲಿಲ್ಲ. ದಡಿ ಬರೆಯುವವರು ನಕಲು ಮಾಡಿ ಇಡುವುದಿಲ್ಲ. ಅವಳ ಅಪ್ಪನೂ ಇಟ್ಟವನಲ್ಲ. ತೂತು ಹೊಡೆದ ಪಟ್ಟಿ ಕೊಡಬೇಕು, ಬರೆದ ಹಾಳೆ ಕೊಡಬಾರದು. ಹಾಳೆ ಒಮ್ಮೆ ಮನೆಯ ಹೊಸ್ತಿಲು ದಾಟಿದರೆ ಮುಂದಿನ ವಾರಕ್ಕೆ ರಬಕವಿಯ ಇನ್ನೊಂದು ಶೆಡ್ಡಿನಲ್ಲಿ ಅದೇ ದಡಿ ನೇಯುತ್ತಿರುತ್ತಾರೆ. ಸಿಡಿ ಎಂದರೆ ಕಿಸೆಯಲ್ಲಿ ಹೋಗುವ ಹಾಳೆ. ಮನೆಗೆ ಹತ್ತು ಜನ ಬರುತ್ತಾರೆ, ನೀರು ಕುಡಿಯುತ್ತಾರೆ, ಯಾರ ಕೈ ಎಲ್ಲಿ ಹೋಯಿತೆಂದು ನಾನೆಲ್ಲಿ ನೋಡಲಿ?

ಕರೆಂಟು ಹೋದಾಗಲೂ ಮಷೀನು ನಡೆಯಲೆಂದು ಬ್ಯಾಟರಿ ತಂದೆವು. ವೈರ್‌ಮನ್ ತಂತಿ ಎಳೆಯುತ್ತಿರುವಾಗ ದೇವರ ಜಗಲಿಯ ಬಲ್ಬನ್ನೂ ಅದಕ್ಕೇ ಸೇರಿಸು ಎಂದೆ. ನಮ್ಮ ಮನೆಯಲ್ಲಿ ದೇವರ ಮುಂದೆ ಕತ್ತಲೆ ಬಿಡುವುದಿಲ್ಲ. ಅತ್ತೆಯ ಕಾಲಕ್ಕೆ ಎಣ್ಣೆಯ ದೀಪವಿತ್ತು. ನನ್ನ ಕಾಲಕ್ಕೆ ಸಣ್ಣದೊಂದು ಕೆಂಪು ಝೀರೋ ಬಲ್ಬು. ಅದು ಹಗಲೂ ಉರಿಯಬೇಕು, ರಾತ್ರಿಯೂ ಉರಿಯಬೇಕು.

ಬ್ಯಾಟರಿ ಸಾಲಲಿಲ್ಲ. ದಡಿ ಅರ್ಧ ತುಂಬಿರುವಾಗ ಕುಂಯ್ ಕುಂಯ್ ಎಂದು ಕೂಗಿ ಮಷೀನು ಸತ್ತುಬಿಡುತ್ತಿತ್ತು. ಮಗಳು ಹಲ್ಲು ಕಡಿದು ಕೂಡುತ್ತಿದ್ದಳು. ಒಂದು ದಿನ ಕೇಳಿದಳು:

"ಯವ್ವಾ, ನೀ ಶೆಡ್ಡಿನ್ಯಾಗ ದುಡಿಯೂ ಮುಂದ ಎಳಿ ಹರದರ ಏನ ಮಾಡತಿದ್ರಿ?"

"ಮೋಟಾರ್ ಬಂದ್ ಮಾಡತಿದ್ವಿ. ಕೆಲಸ ಇಲ್ಲದ ಮಗ್ಗ ನಡಸಿದರ ಸಾವಕಾರ ಬೈತಿದ್ದ."

"ಈ ಡಬ್ಬಿನೂ ಹಂಗ ನೋಡು. ನಾ ಚೌಕ ತುಂಬೂ ಮುಂದ ಅವಕ್ಕೇನ ಕೆಲಸ? ಸುಮ್ಮಕ ತಿರಗತಾವ, ಬ್ಯಾಟರಿ ಕುಡೀತಾವ."

"ಬಂದ್ ಮಾಡು ಮತ್ತ. ಅದನ್ನೂ ನಾ ಹೇಳಬೇಕೇನಬೇ?"

ಮಷೀನಿಗೆ ಏನೋ ಬರೆದಳು. ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಡಬ್ಬಿ ತಾನೇ ತಿರುಗುವುದು ನಿಲ್ಲಿಸಿ ಮಲಗಬೇಕು, ಕೆಲಸ ಬಂದಾಗ ತಾನೇ ಏಳಬೇಕು. ಮಷೀನಿನ ಲೆಕ್ಕದಲ್ಲಿ ಕಣಜ ಒಂದೇ ಆದರೂ ನಿದ್ದೆಯ ಅಪ್ಪಣೆ ಮಾತ್ರ ಡಬ್ಬಿಗೊಂದರಂತೆ ಬೇರೆ ಬೇರೆ ಕೊಡಬೇಕಂತೆ.

"ಹಳೇದಕ್ಕ ಇನ್ನಾ ಲಗೂನ ನಿದ್ದಿ ಬರೂಹಂಗ ಮಾಡೇನಿ. ಅದಕ್ಕ ವಯಸ್ಸಾಗೇತಿ, ಪಾಪ" ಎಂದಳು.

"ನನಗೂ ಹಂಗೊಂದು ಬರದುಬಿಡು."

"ನಿನಗ ಬರದರ ಏಳಸವ್ರು ಯಾರು?" ಎಂದು ನಕ್ಕಳು. ಅವಳು ನಕ್ಕಿದ್ದು ನನಗೆ ನೆನಪಿರುವುದಕ್ಕೆ ಕಾರಣ, ಆಮೇಲೆ ನಗು ಕಡಿಮೆಯಾಯಿತು.

ಹೊಸ ಡಬ್ಬಿ ಮಲಗಿತು. ಅದರ ಸದ್ದೇ ಇಲ್ಲ. ಹಳೆಯದು ಮಾತ್ರ ಟಕ್ ಎಂದು ಮಲಗುವುದು, ಅಷ್ಟರಲ್ಲೇ ಗುರ್ರ್ ಎಂದು ಏಳುವುದು, ಮತ್ತೆ ಟಕ್. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಕೇಳುತ್ತಿತ್ತು. ಮಗ್ಗದ ಸದ್ದಿನಲ್ಲಿ ಬಾಳಿದ ಕಿವಿ ನನ್ನದು. ಒಂದೇ ಸಮನೆ ಬರುವ ಸದ್ದು ನನಗೆ ಸದ್ದಲ್ಲ, ನಿಂತು ನಿಂತು ಬರುವುದು ಮಾತ್ರ ಚುಚ್ಚುತ್ತದೆ.

"ಅದಕ್ಕ ನಿದ್ದಿ ಹತ್ತವಲ್ದಲ್ಲಬೇ. ತಿಗಣಿ ಕಡದಂಗ ಮಾಡಾಕತ್ತೇತಿ."

"ಮಲಗತೈತಿ ಬಿಡು, ಯವ್ವಾ. ಹೊಸಾ ರೂಢಿ."

ಮಲಗಲಿಲ್ಲ. ಮಗಳು ಜಮಖಂಡಿಗೆ ಫೋನು ಹಚ್ಚಿದಳು. ಮಾಸ್ತರ ಹೇಳಿದ್ದನ್ನು ಅವಳು ನನಗೆ ಹೇಳಿದಳು. ಲಿನಕ್ಸಿಗೆ ಒಂದು ಚಟವಿದೆಯಂತೆ. ಯಾರೂ ಏನೂ ಮಾಡದಿದ್ದರೂ ತಾನು ಏನೇನು ಮಾಡಿದೆನೆಂದು ಆಗೊಮ್ಮೆ ಈಗೊಮ್ಮೆ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ. ಆ ಸಾಲು ಬೀಳುವ ಜಾಗ ಹಳೆಯ ಡಬ್ಬಿಯಲ್ಲಿದೆ. ಒಂದು ಸಾಲಿಗಾಗಿ ಅದು ಏಳಬೇಕು. ಎದ್ದು, ಬರೆಸಿಕೊಂಡು, ಮಲಗುವಷ್ಟರಲ್ಲಿ ಇನ್ನೊಂದು ಸಾಲು. ಎರಡೂ ಡಬ್ಬಿ ಕೂಡಿ ಒಂದಾಗಿರುವುದರಿಂದ ಆ ಜಾಗವನ್ನು ಸುಮ್ಮನೆ ಹೊಸದಕ್ಕೆ ಎತ್ತಿಡಲು ಬರುವುದಿಲ್ಲ. ಮೂರನೆಯದೊಂದು ಡಬ್ಬಿ ತಂದು, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸರಿಸಿ, ಹಳೆಯದನ್ನು ಬಿಡಿಸಿ ತೆಗೆಯಬೇಕು. ಅಲ್ಲಿಯವರೆಗೆ ಮಲಗಿಸುವುದು ಬೇಡ, ತಿರುಗಲಿ ಬಿಡಿ ಎಂದನಂತೆ.

"ತಿರಗಲಿ ಬಿಟ್ಟರ ಬ್ಯಾಟರಿ ಮುಗೀತೈತಿ" ಎಂದಳು ಮಗಳು. "ಸಾವಕಾರರ ಲಗ್ನದ ಸೀರಿ ಅದಾವ. ಇದೊಂದು ಮುಗೀಲಿ, ಆಮ್ಯಾಲ ಬಿಡಸಿದರಾತು."

ನಾನೂ ಹೌದೆಂದೆ. ಮಗ್ಗದ ಮೇಲೆ ಹಾಸು ಇರುವಾಗ ಕೊಯ್ಯುವುದಿಲ್ಲ. ಮನೆಯಲ್ಲಿ ಹೆಣ ಬಿದ್ದರೂ ಕೊಯ್ಯುವುದಿಲ್ಲ, ಬಟ್ಟೆ ಮುಚ್ಚಿ ಇಡುತ್ತಾರೆ, ಹದಿಮೂರನೇ ದಿನ ಮುಗಿದ ಮೇಲೆ ಅದೇ ಹಾಸನ್ನು ನೇಯುತ್ತಾರೆ. ಅರ್ಧಕ್ಕೆ ಕೊಯ್ದ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರೆ. ನಾವು ಕೊಯ್ಯಲಿಲ್ಲ, ಮತ್ತೂ ಉದ್ಧಾರವಾಗಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿ ಸುಮ್ಮನಾಯಿತು. ಮಷೀನು ಬ್ಯಾಟರಿಯ ಮೇಲೆ ನಡೆದಿತ್ತು, ಮಗಳು ಸೆರಗಿನ ಮೂಲೆ ತುಂಬುತ್ತಿದ್ದಳು. ಡಬ್ಬಿ ಟಕ್ ಎಂದಿತು. ಅದಾದ ಮೇಲೆ ಗುರ್ರ್ ಬರಲಿಲ್ಲ. ಮತ್ತೆ ಟಕ್ ಎಂದಿತು. ಟಕ್, ಟಕ್, ಟಕ್. ಎತ್ತು ಬಿದ್ದು ಏಳಲಾರದೆ ಕಾಲು ಬಡಿಯುತ್ತದಲ್ಲ, ಹಾಗೆ. ಪರದೆಯ ಮೇಲಿನ ಚಿತ್ರ ನಿಂತಲ್ಲೇ ನಿಂತಿತು. ಮಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ನಾನು ಹೋಗಿ ನೋಡಿದೆ, ನೋಡಲಿಕ್ಕೆ ಏನೂ ಇರಲಿಲ್ಲ.

ಮರುದಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಜಮಖಂಡಿಯ ಬಸ್ಸು ಹತ್ತಿದೆವು. ನಾನು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ ಕೂಸು ಅಂದುಕೊಂಡು ಬಗ್ಗಿ ನೋಡಿದ.

"ಏನೈತಬೇ ಮುದಕಿ, ಇದರಾಗ?"

"ಹೆಣಾ" ಎಂದೆ. ಅವನು ಮುಂದಿನ ಸೀಟಿಗೆ ಟಿಕೆಟ್ ಹರಿಯಲು ಹೋದ.

ಮಾಸ್ತರ ಪೆಟ್ಟಿಗೆ ಬಿಚ್ಚಿ ಹಳೆಯ ಡಬ್ಬಿಯನ್ನು ಬೇರೊಂದು ಮಷೀನಿಗೆ ಹಚ್ಚಿದ. ಅದು ಒಮ್ಮೆ ಮಾತ್ರ ಎದ್ದು ಬಾಯಿಬಿಟ್ಟಿತು. ತಾನು ಎಷ್ಟು ಸಲ ಮಲಗಿ ಎದ್ದೆನೆಂದು ಡಬ್ಬಿ ತನ್ನೊಳಗೇ ಎಣಿಸಿಕೊಂಡಿರುತ್ತದಂತೆ. ಆ ಅಂಕಿಯನ್ನು ಆತ ಬೆರಳಿಟ್ಟು ಮತ್ತೊಮ್ಮೆ ಓದಿದ.

"ಅಕ್ಕಾರ, ಎಷ್ಟು ಹೊತ್ತಿಗೆ ಮಲಗೂಹಂಗ ಇಟ್ಟಿದ್ರಿ?"

"ಎಷ್ಟು ಲಗೂ ಆಗತೈತ್ಯೋ ಅಷ್ಟು."

"ಮಗ್ಗ ಬಂದ್ ಮಾಡಿದಂಗ, ಹೌದಿಲ್ಲೋ?" ನಾನು ನಡುವೆ ಬಾಯಿ ಹಾಕಿದೆ.

"ಇದು ಮಗ್ಗಲ್ಲ, ಆಯಿ. ಇದಕ್ಕ ತಿರಗೂದರಾಗ ತ್ರಾಸ ಇಲ್ಲ. ನಿಂತದ್ದು ಏಳೂದರಾಗ ತ್ರಾಸ. ಹೊತ್ತು ಹೊತ್ತಿಗೆ ಏಳಸಿ ಏಳಸಿ ಇದರ ಜೀವಾ ಹೋತು."

"ಹಳೇದು ಹೋತು. ಹೊಸಾದರಾಗಿಂದು ತಗದಕೊಡ್ರಿ" ಎಂದಳು ಮಗಳು. ಬಸ್ಸಿನಲ್ಲಿ ಅವಳು ಅಷ್ಟನ್ನೇ ಹಿಡಿದುಕೊಂಡು ಬಂದಿದ್ದಳು, ನಾನೂ ಅಷ್ಟನ್ನೇ. ಹಾಸು ಕೆಚ್ಚಿದ್ದು. ಹಳೆಯದು ಹೋದರೆ ಹಳೆಯದಷ್ಟೇ.

ಮಾಸ್ತರ ಆಕೆಯ ಮುಖ ನೋಡಲಿಲ್ಲ. ಹಂಗಲ್ಲರಿ, ಎಂದು ಶುರು ಮಾಡಿದ. ಎರಡನ್ನೂ ಕೂಡಿಸಿದ ಮೇಲೆ ಯಾವುದು ಎಲ್ಲಿ ಕೂತಿದೆ ಎಂಬ ಗುರುತೆಲ್ಲ ಹಳೆಯದರಲ್ಲೇ ಇರುತ್ತದೆ. ಹೊಸದು ಆರೋಗ್ಯವಾಗಿದೆ, ಒಳಗೆ ಸಾಮಾನೂ ಇದೆ. ಯಾವ ಚೂರು ಯಾವ ದಡಿಯದು, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳುವವರು ಯಾರೂ ಇಲ್ಲ. ಆದರೂ ಪ್ರಯತ್ನ ಮಾಡುತ್ತೇನೆ, ಬಿಟ್ಟು ಹೋಗಿ ಎಂದ. ಏಳುವ ಮೊದಲು ಕೇಳಿದ:

"ಬ್ಯಾಟರಿ ಅಷ್ಟ್ಯಾಕ ಲಗೂ ಮುಗೀತಿತ್ತು? ಮತ್ತೇನರ ಹಚ್ಚೀರೇನು ಅದಕ್ಕ?"

"ಏನೂ ಇಲ್ಲ. ದೇವರ ಬಲ್ಬ್ ಒಂದೈತಿ."

"ಝೀರೋ ಬಲ್ಬ್?"

"ಹಗಲೂ ರಾತ್ರಿ ಉರೀತೈತಿ. ಝೀರೋ ಅಂದರ ಏನೂ ಕುಡಿಯೂದಿಲ್ಲಲ್ಲ."

"ಕುಡೀತೈತಿ, ಆಯಿ" ಎಂದ ಮೆತ್ತಗೆ. "ಎರಡೂ ಡಬ್ಬಿ ಕೂಡಿ ಎಷ್ಟು ಕುಡೀತಾವೋ, ಆ ಬಲ್ಬ್ ಒಂದ ಹತ್ತಿರ ಹತ್ತಿರ ಅಷ್ಟು ಕುಡೀತೈತಿ."

ಮಗಳು ಸೆರಗು ಸರಿಮಾಡಿಕೊಂಡು, "ನಡಿ ಯವ್ವಾ, ಬಸ್ ತಪ್ಪತೈತಿ" ಎಂದಳು.

ಆತ ಬಹಳ ದಿನ ಕಷ್ಟಪಟ್ಟ. ಸುಳ್ಳು ಹೇಳಬಾರದು, ನಮ್ಮಿಂದ ಏನೂ ತೆಗೆದುಕೊಳ್ಳಲಿಲ್ಲ. ಒಂದು ದಿನ ಕರೆಸಿ ಪರದೆಯ ಮೇಲೆ ತೋರಿಸಿದ. ನವಿಲುಗಳಿದ್ದವು. ಒಂದಕ್ಕೂ ಕಾಲಿರಲಿಲ್ಲ. ಕುತ್ತಿಗೆಯವರೆಗೆ ಚೌಕಗಳು ಸರಿಯಾಗಿ ತುಂಬಿವೆ, ಅಲ್ಲಿಂದ ಕೆಳಗೆ ಬರಿ ಬೂದಿ ಬಣ್ಣ. ಗೋಮಿ ಎಂಬ ನಮೂನೆಯ ದಡಿ ಅರ್ಧ, ಬಳ್ಳಿ ಅರ್ಧ. ಇನ್ನೊಂದರಲ್ಲಿ ಎರಡು ಬೇರೆ ಬೇರೆ ದಡಿಗಳು ಒಂದರ ಮೈಗೆ ಒಂದು ಅಂಟಿಕೊಂಡಿದ್ದವು. ಮಗಳು ಕುರ್ಚಿಯ ತುದಿಗೆ ಕೂತು ಎಲ್ಲವನ್ನೂ ನೋಡಿದಳು. ಅರ್ಧ ದಡಿಯ ಸೀರೆ ನೇಯಲಿಕ್ಕೆ ಬರುವುದಿಲ್ಲ. ಅದು ಮಗುವಿಗೂ ಗೊತ್ತು. ಆದರೂ ನೋಡಿದಳು.

ಅಲ್ಲಿಗೂ ಬಿಡಲಿಲ್ಲ ಅವಳು. ತೂತು ಹೊಡೆದ ಪಟ್ಟಿಗಳು ಸಾವಕಾರರ ಹತ್ತಿರ ಇರುತ್ತವಲ್ಲ, ತೂತು ಎಣಿಸಿ ಮತ್ತೆ ಬರೆಯಬಹುದು ಎಂದುಕೊಂಡಳು. ಎಲ್ಲರಿಗಿಂತ ಹೆಚ್ಚು ದಡಿ ಒಯ್ದ ಸಾವಕಾರನ ಶೆಡ್ಡಿಗೆ ಹೋದೆವು. ಮಗ್ಗಗಳ ತಲೆಯ ಮೇಲೆ ಪಟ್ಟಿಯ ಸರವೇ ಇರಲಿಲ್ಲ. ಅದರ ಜಾಗದಲ್ಲಿ ಸಣ್ಣ ಡಬ್ಬಿಗಳು ಕೂತಿದ್ದವು, ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು.

"ಪಟ್ಟೀನಾ? ರದ್ದಿಗೆ ಹೋಗಿ ಬಾಳ ದಿನಾ ಆತಲ್ಲ, ತಂಗೀ. ಈಗ ಎಲ್ಲಾ ಕಂಪ್ಯೂಟರ್ ಚಿಪ್ಪಿನ್ಯಾಗ. ಇಚಲಕರಂಜಿಯಿಂದ ತರತೀನಿ, ಹಚ್ಚತೀನಿ, ನಡೀತೈತಿ" ಎಂದ.

"ನನ್ನವು ಒಂದೂ ಉಳದಿಲ್ಲೇನ್ರಿ?"

ಆತ ನಕ್ಕ. ಕೆಟ್ಟವನಲ್ಲ, ಮಾತಿನ ಚಪಲ ಅಷ್ಟೇ. "ನೀ ಯಾರಿಗೂ ಒಂದು ಹಾಳಿ ಬಿಟ್ಟುಕೊಡಲಿಲ್ಲ. ಕಳ್ಳರ ಕೈಗೆ ಸಿಗಬಾರದಂತ ಇಟ್ಟಿ. ಛಲೋ ಮಾಡಿದಿ. ಈಗ ನಿನ್ನ ಕೈಗೂ ಸಿಗವಲ್ದು."

ನಾನು ಏನಾದರೂ ಬೈಯಬೇಕಿತ್ತು. ಆದರೆ ಆತ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಮನೆಯಲ್ಲಿ ನನ್ನದೊಂದು ಸೀರೆಯಿತ್ತು. ಅವಳ ಅಪ್ಪನ ದಡಿ ಅದು, ಉಟ್ಟು ಉಟ್ಟು ತೆಳ್ಳಗಾಗಿತ್ತು. ಮಗಳು ಅದನ್ನು ಬೆಳಕಿಗೆ ಹಿಡಿದು, ಸೂಜಿಯಿಂದ ಒಂದೊಂದೇ ಎಳೆ ಎತ್ತಿ ಎಣಿಸಿ, ಮತ್ತೆ ಚೌಕ ತುಂಬಿದಳು. ಮಳೆಗಾಲ ಪೂರ್ತಿ ಹಿಡಿಯಿತು. ಮಾಸ್ತರ ಹೊಸ ಡಬ್ಬಿಯೊಳಗಿನದನ್ನೆಲ್ಲ ಅಳಿಸಿ, ಅದೊಂದನ್ನೇ ಹಾಕಿ, ಮಷೀನು ನಡೆಯುವಂತೆ ಮಾಡಿಕೊಟ್ಟಿದ್ದ. ಈ ಸಲ ಮಲಗಿಸುವ ಮಾತೇ ಎತ್ತಲಿಲ್ಲ. ಮಗಳು ಸಿಡಿಯನ್ನೂ ಮಾಡಿದಳು, ಒಂದಲ್ಲ, ಎರಡು. ಆ ದಡಿಯನ್ನು ಒಯ್ದು ತೋರಿಸಿದರೆ ಯಾರೂ ತೆಗೆದುಕೊಳ್ಳಲಿಲ್ಲ. "ಹಳೇ ನಮೂನಿ" ಎಂದರು. ಹೊಸದು ಬರೆಯುತ್ತೇನೆಂದರೆ, ಇಚಲಕರಂಜಿಯ ಚಿಪ್ಪೇ ಅಗ್ಗ ಎಂದರು. ಸಿಡಿಗಳು ಇನ್ನೂ ಇವೆ. ಕದಿಯಲು ಯಾರೂ ಬರುವುದಿಲ್ಲ.

ಈಗ ಅವಳು ಕಂಡಿಕೆ ಸುತ್ತುತ್ತಾಳೆ. ಶೆಡ್ಡಿನವರು ಬೆಳಿಗ್ಗೆ ನೂಲು ಒಗೆದು ಹೋಗುತ್ತಾರೆ, ಸಂಜೆ ಕಂಡಿಕೆ ಒಯ್ಯುತ್ತಾರೆ. "ಡಿಸೈನ್ ಅಕ್ಕಾರ" ಎನ್ನುವವರಿಲ್ಲ. ಅವಳ ಬೆನ್ನು ಈಗಲೇ ನನ್ನ ಬೆನ್ನಿನಂತೆ ಬಾಗಿದೆ. ನಾನು ಸತ್ತ ಮೇಲೆ ರೊಟ್ಟಿ ಯಾರು ಮಾಡುತ್ತಾರೆ ಎಂದು ಕೇಳಿದರೆ, "ಸಾಯಿ ಮೊದಲ, ಆಮ್ಯಾಲ ನೋಡೂಣು" ಎನ್ನುತ್ತಾಳೆ. ಮಷೀನಿಗೆ ಅದೇ ಕೌದಿ ಹೊದಿಸಿದೆ. ಬ್ಯಾಟರಿ ಸತ್ತಿದೆ. ಕರೆಂಟು ಹೋದರೆ ಈಗ ದೇವರಿಗೂ ಕತ್ತಲೆ, ನಮಗೂ ಕತ್ತಲೆ. ಮೊದಮೊದಲು ನನಗೆ ಕೆಡುಕೆನಿಸುತ್ತಿತ್ತು. ಈಗ ಏನೂ ಅನಿಸುವುದಿಲ್ಲ.

ರಾಟಿ ದಿನವೆಲ್ಲ ತಿರುಗುತ್ತದೆ. ಎಳೆ ಹರಿದ ಕೂಡಲೇ ಅವಳು ಕೈಯಿಟ್ಟು ನಿಲ್ಲಿಸುತ್ತಾಳೆ, ಗಂಟು ಹಾಕುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ದಿನಕ್ಕೆ ಎಷ್ಟು ಸಲ ನಿಲ್ಲಿಸುತ್ತಾಳೋ ಯಾರು ಎಣಿಸುತ್ತಾರೆ. ರಾಟಿಗೆ ಅದರಿಂದ ಏನೂ ಆಗುವುದಿಲ್ಲ.